ಬೀರುವಿನೊಳಗಿನ ಮಿನಿ ಕಂಪ್ಯೂಟರ್: ಪೆಟ್ಟಿಗೆ, ಚೌಕಟ್ಟು, ಕರೆಂಟು



ಮಿನಿ ಬಸ್ಸು ಎಂದರೆ ಚಿಕ್ಕ ಬಸ್ಸು, ಮಿನಿ ಲಾರಿ ಎಂದರೆ ಚಿಕ್ಕ ಲಾರಿ. ಹಾಗಾದರೆ ಮಿನಿ ಕಂಪ್ಯೂಟರ್ ಎಂದರೆ ಏನು? ತರಗತಿಯಲ್ಲಿ ಈ ಪ್ರಶ್ನೆ ಕೇಳಿದರೆ ಮಕ್ಕಳು ಅಂಗೈ ಚಾಚಿ ಇಷ್ಟು ಎನ್ನುತ್ತಾರೆ. ನಿಜವಾದ ಮಿನಿ ಕಂಪ್ಯೂಟರ್ ನಮ್ಮ ಹೆಡ್‌ಮಾಸ್ಟರರ ಕೋಣೆಯ ಬೀರುವಿನಷ್ಟಿತ್ತು! ಆರು ಅಡಿ ಎತ್ತರ, ಒಬ್ಬರು ತಳ್ಳಿದರೆ ಕದಲದಷ್ಟು ಭಾರ. ಒಂದು ಬೀರು ಸಾಲದೆ ಎರಡು ಮೂರು ಬೀರು ಸೇರಿ ಒಂದು ಕಂಪ್ಯೂಟರ್ ಆಗುತ್ತಿದ್ದುದೂ ಉಂಟು.

ಹೆಸರಿನಲ್ಲಿ ಸುಳ್ಳೇನೂ ಇಲ್ಲ. ಅದಕ್ಕೂ ಮುಂಚಿನ ಕಂಪ್ಯೂಟರುಗಳು ಒಂದು ದೊಡ್ಡ ಹಾಲ್ ತುಂಬುತ್ತಿದ್ದವು, ಬೆಲೆ ಲಕ್ಷಗಟ್ಟಲೆ ಡಾಲರು. 1965ರಲ್ಲಿ ಅಮೆರಿಕದ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ ಪಿಡಿಪಿ-8 ಎಂಬ ಯಂತ್ರವನ್ನು 18,000 ಡಾಲರಿಗೆ ಮಾರಲು ತಂದಿತು. ಹಾಲ್ ತುಂಬುವ ಯಂತ್ರದ ಪಕ್ಕದಲ್ಲಿ ಬೀರುವಿನಷ್ಟು ಯಂತ್ರ ಮಿನಿಯೇ ಸರಿ. ಆ ಕಂಪನಿ 1957ರಲ್ಲಿ ಶುರುವಾದದ್ದು ಮೇನಾರ್ಡ್ ಎಂಬ ಊರಿನ ಒಂದು ಹಳೆಯ ಉಣ್ಣೆ ಗಿರಣಿಯಲ್ಲಿ. ಕುರಿ, ಕಂಬಳಿ ಕಂಡು ಬೆಳೆದ ನಮ್ಮ ಕಡೆಯವರಿಗೆ ಈ ಸಂಗತಿ ಕೇಳಿ ಖುಷಿಯಾಗಬಹುದು. 1998ರಲ್ಲಿ ಕಾಂಪ್ಯಾಕ್ ಕಂಪನಿ ಅದನ್ನು ಕೊಂಡುಕೊಂಡಿತು. ಹೆಸರು ಹೋಯಿತು, ಬೀರುಗಳು ಮಾತ್ರ ಅಲ್ಲೊಂದು ಇಲ್ಲೊಂದು ಉಳಿದಿವೆ.

ಹಿಂದೂಪುರ, ಕಲ್ಯಾಣದುರ್ಗದ ಮೇಷ್ಟರಿಗೆ ಇದೆಲ್ಲ ಯಾಕೆ ಬೇಕು ಎನ್ನಬಹುದು. ಭೂಪಟ ತೆಗೆದು ನೋಡಿ. ಉತ್ತರಕ್ಕೆ ಹೈದರಾಬಾದ್, ದಕ್ಷಿಣಕ್ಕೆ ಬೆಂಗಳೂರು. ಭಾರತದ ಮಿನಿ ಕಂಪ್ಯೂಟರಿನ ಕತೆಯಲ್ಲಿ ಬಹುಪಾಲು ನಡೆದದ್ದು ಈ ಎರಡು ಊರುಗಳಲ್ಲಿ, ನಡುವಿನ ದಾರಿಯಲ್ಲಿ ಇರುವವರು ನಾವು. ಸರ್ಕಾರಿ ಆದೇಶ ಒಂದು ಕಡೆಯಿಂದ, ಮಾತು ಇನ್ನೊಂದು ಕಡೆಯಿಂದ ಬರುವುದು ಗಡಿಯವರಿಗೆ ಹೊಸದಲ್ಲ. ಹಾಗೆಯೇ ಈ ಕತೆಯೂ ಎರಡೂ ಕಡೆಯಿಂದ ನಮ್ಮ ಬಾಗಿಲಿಗೆ ಬರುತ್ತದೆ.

ಹೈದರಾಬಾದಿನಲ್ಲಿ 1967ರಲ್ಲಿ ಇಸಿಐಎಲ್ ಸ್ಥಾಪನೆಯಾಯಿತು. ಆಗ ಅದು ನಮ್ಮದೇ ರಾಜ್ಯದ ರಾಜಧಾನಿ. 2014ರ ನಂತರ ತೆಲಂಗಾಣದ್ದು. ಟ್ರಾಂಬೆಯ ಅಣುಶಕ್ತಿ ಕೇಂದ್ರದವರು ರೂಪಿಸಿದ ಯಂತ್ರವನ್ನು ಇಸಿಐಎಲ್ 1969ರಲ್ಲಿ ಹೊರತಂದಿತು. ಅದರ ಹೆಸರು ಟಿಡಿಸಿ-12, ಅಂದರೆ ಟ್ರಾಂಬೆ ಡಿಜಿಟಲ್ ಕಂಪ್ಯೂಟರ್, 12 ಬಿಟ್ಟಿನದು. ಆಮೇಲೆ ಟಿಡಿಸಿ-312, ಟಿಡಿಸಿ-316 ಬಂದವು. 316 ಎಂಬುದು 16 ಬಿಟ್ಟಿನ ಯಂತ್ರ. 1978ರಲ್ಲಿ ಐಬಿಎಂ ಭಾರತ ಬಿಟ್ಟು ಹೋದಾಗ ಅದು ಬಿಟ್ಟುಹೋದ ಯಂತ್ರಗಳನ್ನು ನೋಡಿಕೊಳ್ಳುವ ಕೆಲಸ ಸರ್ಕಾರದ ಸಿಎಂಸಿ ಕಂಪನಿಗೆ ಬಂತು. ಇತ್ತ ಬೆಂಗಳೂರಿನಲ್ಲಿ ಪಿಎಸ್‌ಐ ಕಂಪನಿ ಹುಟ್ಟಿತು. ಅಡುಗೆ ಎಣ್ಣೆಯ ವ್ಯಾಪಾರದಲ್ಲಿದ್ದ ವಿಪ್ರೋ 1980ರ ದಶಕದ ಆರಂಭದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಸಂಶೋಧನೆ ನಡೆಸಿ, ಇಂಟೆಲ್ 8086 ಚಿಪ್ಪಿನ ಮೇಲೆ ಸೀರೀಸ್ 86 ಎಂಬ ಮಿನಿ ಕಂಪ್ಯೂಟರ್ ಮಾಡಿತು. ಅದರ ಕಾರ್ಖಾನೆ ಮೈಸೂರಿನಲ್ಲಿತ್ತು. ಪುಣೆಯಲ್ಲಿ ಶುರುವಾಗಿ 1983ರಲ್ಲಿ ಬೆಂಗಳೂರಿಗೆ ಬಂದ ಇನ್ಫೋಸಿಸ್ ಮೊದಲು ತರಿಸಿಕೊಂಡ ಸ್ವಂತ ಕಂಪ್ಯೂಟರೂ ಒಂದು ಮಿನಿಯೇ: ಡೇಟಾ ಜನರಲ್ ಕಂಪನಿಯ ಎಂವಿ/8000. ಆ ಯಂತ್ರ ತಯಾರಾದ ಬಗೆಯನ್ನು ಟ್ರೇಸಿ ಕಿಡರ್ ಎಂಬ ಲೇಖಕ ಪುಸ್ತಕವಾಗಿ ಬರೆದ. ಅದಕ್ಕೆ 1982ರಲ್ಲಿ ಪುಲಿಟ್ಜರ್ ಪ್ರಶಸ್ತಿ ಬಂತು.

ಜನಸಾಮಾನ್ಯರು ಮಿನಿ ಕಂಪ್ಯೂಟರಿನ ಫಲ ಮೊದಲು ಉಂಡದ್ದು ರೈಲ್ವೆ ಕೌಂಟರಿನಲ್ಲಿ. ದೆಹಲಿಯಲ್ಲಿ 1985-86ರಲ್ಲಿ ರಿಸರ್ವೇಷನ್ ಕಂಪ್ಯೂಟರಿಗೆ ಬಂದಾಗ ಒಳಗೆ ಕೂತಿದ್ದದ್ದು ಡಿಜಿಟಲ್ ಕಂಪನಿಯ ವ್ಯಾಕ್ಸ್-11/750. ಬ್ಯಾಂಕುಗಳಲ್ಲಿಯೂ ಹಾಗೆಯೇ. 1984ರ ರಂಗರಾಜನ್ ಸಮಿತಿಯ ವರದಿಯ ನಂತರ ವಲಯ ಕಚೇರಿಗಳಿಗೆ ಮಿನಿಗಳು ಬಂದವು. ಹತ್ತು ವರ್ಷದೊಳಗೆ ಮೇಜಿನ ಮೇಲಿನ ಪಿಸಿ ಅವನ್ನೆಲ್ಲ ಮೂಲೆಗೆ ತಳ್ಳಿತು. ಮೂಲೆಯಿಂದ ಗೋದಾಮಿಗೆ, ಗೋದಾಮಿನಿಂದ ಹರಾಜಿಗೆ, ಹರಾಜಿನಿಂದ ಗುಜರಿಗೆ. ಅಲ್ಲಿ ತೂಕವೊಂದೇ ಲೆಕ್ಕ. ಕಬ್ಬಿಣಕ್ಕೆ ಒಂದು ದರ, ತಾಮ್ರಕ್ಕೆ ಒಂದು ದರ, ಬೋರ್ಡಿನ ಅಂಚಿನ ಚಿನ್ನದ ಲೇಪಕ್ಕೆ ಇನ್ನೊಂದು ದರ.

ಆದ್ದರಿಂದ ಇಂದು ಒಂದು ಹಳೆಯ ಮಿನಿ ಕಣ್ಣಿಗೆ ಬಿದ್ದರೆ ಅದು ಇಡಿಯಾಗಿ ಇರುವುದು ಕಡಿಮೆ. ಒಂದು ಕಡೆ ಖಾಲಿ ಬೀರು, ಇನ್ನೊಂದು ಕಡೆ ಒಂದು ಪೆಟ್ಟಿಗೆ, ಮತ್ತೊಂದು ಕಡೆ ದಪ್ಪ ವೈರಿನ ತುಂಡು. ಇಷ್ಟರಿಂದಲೇ ಇದು ಯಾವ ಯಂತ್ರ, ಯಾವ ಕಾಲದ್ದು, ಎಷ್ಟು ಕರೆಂಟು ತಿನ್ನುತ್ತಿತ್ತು ಎಂದು ಹೇಳಬೇಕು. ಅದು ಸಾಧ್ಯ ಎಂದು ತೋರಿಸುವುದೇ ಈ ಬರಹದ ಉದ್ದೇಶ.

ಮೊದಲು ಪದಗಳನ್ನು ಬಿಡಿಸಿಕೊಳ್ಳೋಣ. ಹೊರಗಿನ ಬೀರುವನ್ನು ಕ್ಯಾಬಿನೆಟ್ ಎನ್ನುತ್ತಾರೆ. ಅದರೊಳಗೆ ತೂತು ಕೊರೆದ ಎರಡು ಕಂಬಗಳು ನಿಂತಿರುತ್ತವೆ. ಅದು ರ‍್ಯಾಕ್, ಅಂದರೆ ಚೌಕಟ್ಟು. ಆ ಕಂಬಗಳಿಗೆ ಸ್ಕ್ರೂ ಹಾಕಿ ಕೂರಿಸುವ, ಮೇಜಿನ ಡ್ರಾಯರಿನ ಹಾಗೆ ಮುಂದಕ್ಕೆ ಎಳೆಯಬಹುದಾದ ಡಬ್ಬವೇ ಪೆಟ್ಟಿಗೆ. ನಿಜವಾದ ಕಂಪ್ಯೂಟರ್ ಇರುವುದು ಪೆಟ್ಟಿಗೆಯಲ್ಲಿ. ಬೀರು ನೋಡಿ ಕಂಪ್ಯೂಟರಿನ ಹೆಸರು ಹೇಳುವುದು, ಮನೆ ನೋಡಿ ಒಳಗಿರುವವರ ಹೆಸರು ಹೇಳಿದ ಹಾಗೆ. ಬಾಡಿಗೆಯವರು ಬದಲಾಗಿರಬಹುದು!

ಚೌಕಟ್ಟಿಗೆ ಒಂದು ಜಾತಕ ಉಂಟು. ಟೆಲಿಫೋನ್ ಎಕ್ಸ್‌ಚೇಂಜಿನವರು ಬಳಸುತ್ತಿದ್ದ 19 ಇಂಚಿನ ಚೌಕಟ್ಟನ್ನೇ ಕಂಪ್ಯೂಟರಿನವರು ತೆಗೆದುಕೊಂಡರು. ಮುಂದಿನ ಫಲಕದ ಅಗಲ 19 ಇಂಚು, ಅಂದರೆ 482.6 ಮಿಲಿಮೀಟರ್. ಎತ್ತರವನ್ನು 'ಯು' ಎಂಬ ಅಳತೆಯಲ್ಲಿ ಎಣಿಸುತ್ತಾರೆ. ಒಂದು ಯು ಎಂದರೆ ಒಂದೂಮುಕ್ಕಾಲು ಇಂಚು, 44.45 ಮಿಲಿಮೀಟರ್. ಒಂದೊಂದು ಯು ಅಳತೆಗೆ ಮೂರು ತೂತು. ಇಲ್ಲೇ ಇರುವುದು ಗುಟ್ಟು. ಆ ತೂತುಗಳ ನಡುವಿನ ಅಂತರ ಒಂದೇ ಸಮ ಅಲ್ಲ. 15.9 ಮಿಲಿಮೀಟರ್, ಮತ್ತೆ 15.9, ಆಮೇಲೆ 12.7. ಎರಡು ಅಗಲ, ಒಂದು ಕಿರಿದು, ಮತ್ತೆ ಎರಡು ಅಗಲ, ಒಂದು ಕಿರಿದು. ನಮ್ಮಲ್ಲಿ ಅಂಗಡಿಯ ಶೆಲ್ಫಿಗೆ ಬಳಸುವ ತೂತಿನ ಕಬ್ಬಿಣದ ಪಟ್ಟಿಯಲ್ಲಿ ಒಂದೇ ಅಚ್ಚು ಸಮ ಅಂತರದಲ್ಲಿ ಉದ್ದಕ್ಕೂ ಮರಳಿ ಬರುತ್ತದೆ. ಈ ಒಂದು ವ್ಯತ್ಯಾಸ ಗೊತ್ತಿದ್ದರೆ ಗುಜರಿ ಅಂಗಡಿಯಲ್ಲಿ ನಿಂತು ಬೆರಳಿನಲ್ಲೇ ಹೇಳಬಹುದು.

ಹೀಗೆ ಬೆರಳಿಟ್ಟು ನೋಡುವ ಅವಕಾಶ ನಮಗೂ ಒಮ್ಮೆ ಸಿಕ್ಕಿತು. ಹಿಂದೂಪುರದ ಒಂದು ಗುಜರಿ ಅಂಗಡಿಯಲ್ಲಿ ಮೋಟರಿನ ಬೇರಿಂಗು, ಫ್ಯಾನ್ ಬೆಲ್ಟು ತುಂಬಿದ ಒಂದು ಬೂದು ಬಣ್ಣದ ಬೀರು ನಿಂತಿತ್ತು. ಬಾಗಿಲಿಲ್ಲ. ಬೆಂಗಳೂರಿನ ಲೋಡಿನಲ್ಲಿ ಬಂದದ್ದು ಎಂದರು. ಒಳಗಿನ ಕಂಬದ ತೂತುಗಳನ್ನು ಅಡಿಪಟ್ಟಿ ಇಟ್ಟು ಅಳೆದೆವು: ಎರಡು ಅಗಲ, ಒಂದು ಕಿರಿದು. ಕಂಬದಿಂದ ಕಂಬಕ್ಕೆ ತೂತಿನ ನಡುವಿನ ಅಂತರ ಹದಿನೆಂಟೂಕಾಲು ಇಂಚಿಗಿಂತ ಒಂದು ಕೂದಲು ಹೆಚ್ಚು. ಶುದ್ಧ 19 ಇಂಚಿನ ಚೌಕಟ್ಟು. ಕೆಳಗೆ ಹಿಂಭಾಗದಲ್ಲಿ ದಪ್ಪ ಕೇಬಲ್ ಬರಲು ಕೊರೆದ ತೂತು. ಅದರ ಪಕ್ಕದಲ್ಲಿ ನಾಲ್ಕು ರಿವೆಟ್ಟಿನ ಗುರುತು. ಅಲ್ಲೊಂದು ಫಲಕ ಇತ್ತು, ಈಗ ಇಲ್ಲ. ಯಾರೋ ಉಳಿ ಇಟ್ಟು ಕಿತ್ತಿದ್ದಾರೆ, ಅಲ್ಯುಮಿನಿಯಂ ದರ ಕಬ್ಬಿಣಕ್ಕಿಂತ ಹೆಚ್ಚಲ್ಲವೆ! ಫಲಕ ಹೋದ ಮೇಲೆ ಅದು ಕಂಪ್ಯೂಟರಿನದೋ, ಟೆಲಿಫೋನಿನದೋ, ಆಕಾಶವಾಣಿಯ ಯಾವುದೋ ಯಂತ್ರದ್ದೋ ಎಂದು ಖಂಡಿತವಾಗಿ ಹೇಳಲು ಆಗುವುದಿಲ್ಲ. ಚೌಕಟ್ಟು ಎಲ್ಲರದೂ ಒಂದೇ. ಹತ್ತು ರೂಪಾಯಿಯ ಅಲ್ಯುಮಿನಿಯಂ ತುಂಡಿನ ಜೊತೆ ಒಂದು ಯಂತ್ರದ ಊರು, ಹೆಸರು, ವಯಸ್ಸು ಎಲ್ಲ ಹೋಯಿತು.

ನಮ್ಮ ಜಿಲ್ಲೆಯವರಿಗೆ ಇಂಥ ನಷ್ಟದ ಅರ್ಥ ಬೇಗ ಆಗಬೇಕು. (ಹಿಂದೆ ಎರಡೂ ಊರು ಅನಂತಪುರ ಜಿಲ್ಲೆಯಲ್ಲೇ ಇದ್ದವು. 2022ರಿಂದ ಹಿಂದೂಪುರ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ, ಕಲ್ಯಾಣದುರ್ಗ ಅನಂತಪುರದಲ್ಲೇ ಇದೆ.) ಮಡಕಶಿರಾ ಕಡೆಯ ಹೇಮಾವತಿ ಒಂದು ಕಾಲಕ್ಕೆ ನೊಳಂಬರ ರಾಜಧಾನಿಯಾಗಿದ್ದ ಹೆಂಜೇರು ಎಂದು ನಮಗೆ ಗೊತ್ತಾದದ್ದು ಅಲ್ಲಿಯ ಕನ್ನಡ ಶಾಸನಗಳಿಂದ. ಕಲ್ಲು ಒಡೆದು ಮೆಟ್ಟಿಲಿಗೆ ಹಾಕಿಕೊಂಡಿದ್ದರೆ ರಾಜಧಾನಿಯೂ ಇಲ್ಲ, ನೊಳಂಬರೂ ಇಲ್ಲ. ಶಾಸನ ಓದುವವರು ತೇದಿ ಅಳಿಸಿಹೋಗಿದ್ದರೆ ಅಕ್ಷರದ ರೂಪ ನೋಡಿ ಶತಮಾನ ಹೇಳುತ್ತಾರೆ. ಕಂಪ್ಯೂಟರಿನಲ್ಲಿಯೂ ಫಲಕ ಇಲ್ಲದಿದ್ದಾಗ ಮುಖ ನೋಡಿ ಕಾಲ ಹೇಳಬಹುದು.

ಮುಖದಲ್ಲಿ ಸಾಲು ಸ್ವಿಚ್ಚು, ಸಾಲು ದೀಪ ಇದ್ದರೆ ಸಾಮಾನ್ಯವಾಗಿ 1960ರ ದಶಕ ಇಲ್ಲವೇ 70ರ ದಶಕದ್ದು. ಆಗ ಯಂತ್ರಕ್ಕೆ ಮೊದಲ ಕೆಲವು ಆದೇಶಗಳನ್ನು ಕೈಯಿಂದಲೇ, ಸ್ವಿಚ್ಚು ಮೇಲೆ ಕೆಳಗೆ ಮಾಡಿ ಕೊಡಬೇಕಿತ್ತು. ಡಿಜಿಟಲ್ ಕಂಪನಿಯ ಯಂತ್ರಗಳಲ್ಲಿ ಮೂರು ಮೂರು ಸ್ವಿಚ್ಚುಗಳಿಗೆ ಒಂದೊಂದು ಬಣ್ಣ. ಕಾರಣ ಎಂಟರ ಪದ್ಧತಿಯ ಲೆಕ್ಕ: ಮೂರು ಬಿಟ್ಟು ಸೇರಿದರೆ 0 ಯಿಂದ 7ರವರೆಗಿನ ಒಂದು ಅಂಕಿ. ಸ್ವಿಚ್ಚು ಎಣಿಸಿದರೆ ಯಂತ್ರದ ಸುಳಿವು ಸಿಗುತ್ತದೆ. ಪಿಡಿಪಿ-8ರಲ್ಲಿ 12 ಸ್ವಿಚ್ಚು, ಅದು 12 ಬಿಟ್ಟಿನ ಯಂತ್ರ. ಆದರೆ ಅವಸರ ಬೇಡ. 1970ರ ಪಿಡಿಪಿ-11/20ರಲ್ಲಿ 18 ಸ್ವಿಚ್ಚು ಇವೆ, ಯಂತ್ರ ಮಾತ್ರ 16 ಬಿಟ್ಟಿನದು. ನೆನಪಿನ ಕೋಶಗಳ ವಿಳಾಸ 18 ಬಿಟ್ಟಿನದಾದ್ದರಿಂದ ಸ್ವಿಚ್ಚು ಹೆಚ್ಚು. 1975ರ ಪಿಡಿಪಿ-11/70ರಲ್ಲಿ ಅದೇ ಕಾರಣಕ್ಕೆ 22. ಬಣ್ಣವೂ ಮಾತಾಡುತ್ತದೆ. ಪಿಡಿಪಿ-11ರ ಮುಖ ಗುಲಾಬಿ, ಕೆನ್ನೇರಳೆ ಬಣ್ಣದ್ದು, ಪಿಡಿಪಿ-8/ಇ ಯಂತ್ರದ್ದು ಕಿತ್ತಳೆ ಹಳದಿ. 1977ರಲ್ಲಿ ಬಂದ ವ್ಯಾಕ್ಸ್-11/780ರ ಹೊತ್ತಿಗೆ ಸ್ವಿಚ್ಚಿನ ಸಾಲೇ ಮಾಯ. ಒಂದು ಬೀಗದ ಕೈ, ನಾಲ್ಕಾರು ದೀಪ ಅಷ್ಟೆ. ಮುಖ ಬೋಳಾದಷ್ಟೂ ಯಂತ್ರ ಈಚಿನದು ಎಂದು ಸ್ಥೂಲವಾಗಿ ಹೇಳಬಹುದು.

ಪೆಟ್ಟಿಗೆಯ ಎತ್ತರವನ್ನೂ ಅಳೆಯಿರಿ. ಪಿಡಿಪಿ-11/20, ಪಿಡಿಪಿ-8/ಇ, ಆರ್‌ಕೆ05 ಡಿಸ್ಕ್ ಡ್ರೈವ್, ಮೂರೂ ಹತ್ತೂವರೆ ಇಂಚು, ಅಂದರೆ ಸರಿಯಾಗಿ 6 ಯು. ಪಿಡಿಪಿ-11/05 ಅದರ ಅರ್ಧ, 3 ಯು. ಆ ಆರ್‌ಕೆ05ರ ಕತೆ ಸ್ವಾರಸ್ಯದ್ದು. ಊಟದ ತಟ್ಟೆಗಿಂತ ದೊಡ್ಡ, 14 ಇಂಚಿನ ಒಂದು ಡಿಸ್ಕು, ಡ್ರೈವಿನ ತೂಕ ಸುಮಾರು 50 ಕಿಲೋ, ಹಿಡಿಸುತ್ತಿದ್ದದ್ದು ಸುಮಾರು ಎರಡೂವರೆ ಎಂಬಿ! ಇಂದು ಒಂದು ಫೋಟೋ ಅದರಲ್ಲಿ ಕೂರುವುದು ಕಷ್ಟ. ಇಂಥ ಭಾರದ ಪೆಟ್ಟಿಗೆಯನ್ನು ಮುಂದಕ್ಕೆ ಎಳೆದರೆ ಇಡೀ ಬೀರು ಮುಗ್ಗರಿಸುತ್ತದೆ. ಅದಕ್ಕೇ ಬೀರುವಿನ ಬುಡದಲ್ಲಿ ಮುಂದಕ್ಕೆ ಎಳೆಯುವ ಕಾಲುಗಳನ್ನು ಇಟ್ಟಿರುತ್ತಿದ್ದರು. ಅಂಥ ಕಾಲು ಕಂಡರೆ ಅದು ಭಾರವಾದ ಪೆಟ್ಟಿಗೆ ಹೊತ್ತ ಬೀರು ಎಂದು ತಿಳಿಯಿರಿ, ಕಾಲು ಎಳೆಯದೆ ಪೆಟ್ಟಿಗೆ ಎಳೆಯಬೇಡಿ.

ಒಳಗಿನ ಬೋರ್ಡು ಸಿಕ್ಕರೆ ಇನ್ನೂ ಒಳ್ಳೆಯದು. ಚಿಪ್ಪಿನ ಮೇಲೆ ನಾಲ್ಕು ಅಂಕಿಯ ಒಂದು ಗುರುತು ಇರುತ್ತದೆ: ಮೊದಲ ಎರಡು ವರ್ಷ, ಕೊನೆಯ ಎರಡು ವಾರ. 7423 ಎಂದರೆ 1974ನೇ ಇಸವಿಯ 23ನೇ ವಾರ. ಆದರೆ ಆ ಕಾಲದ ಚಿಪ್ಪುಗಳ ಹೆಸರೇ 7400, 7404, 7474 ಹೀಗೆ! 7404 ಎಂಬುದು ಚಿಪ್ಪಿನ ಹೆಸರೋ, 1974ರ ನಾಲ್ಕನೇ ವಾರವೋ? ಪಕ್ಕದ ಚಿಪ್ಪುಗಳನ್ನು ನೋಡಿ ತೀರ್ಮಾನಿಸಬೇಕು. ಗಣಿತದ ಮೇಷ್ಟರಿಗೆ ಇದಕ್ಕಿಂತ ಒಳ್ಳೆಯ ಒಗಟು ಬೇಕೆ?

ಇನ್ನು ಕರೆಂಟಿನ ವಿಷಯ. ಇದು ಇತಿಹಾಸ ಮಾತ್ರವಲ್ಲ, ಜೀವದ ಪ್ರಶ್ನೆ. ಅದಕ್ಕೆ ನಿಧಾನವಾಗಿ ಓದಿ.

ಫಲಕ ಇದ್ದರೆ ಅದರಲ್ಲಿ ನಾಲ್ಕು ಸಂಗತಿ ಹುಡುಕಬೇಕು: ಎಷ್ಟು ವೋಲ್ಟು, ಎಷ್ಟು ಸೈಕಲ್ಲು (ಹರ್ಟ್ಜ್), ಎಷ್ಟು ಆಂಪಿಯರು, ಎಷ್ಟು ಫೇಸು. ಭಾರತದ ಮನೆಯ ಕರೆಂಟು 230 ವೋಲ್ಟು, 50 ಸೈಕಲ್ಲು. ಅಮೆರಿಕದ್ದು ಸುಮಾರು 120 ವೋಲ್ಟು, 60 ಸೈಕಲ್ಲು. ಡಿಜಿಟಲ್ ಕಂಪನಿ ಎರಡಕ್ಕೂ ಬೇರೆ ಬೇರೆ ಮಾದರಿ ಮಾಡುತ್ತಿತ್ತು. ಬೀರುವಿನ ಬುಡದಲ್ಲಿ ಕರೆಂಟು ಹಂಚುವ ಒಂದು ಡಬ್ಬ ಇರುತ್ತದೆ. ಅದರ ಮೇಲೆ 861-ಬಿ ಎಂದಿದ್ದರೆ 230 ವೋಲ್ಟಿನದು, 861-ಸಿ ಎಂದಿದ್ದರೆ 115 ವೋಲ್ಟಿನದು. ಒಂದೇ ಅಕ್ಷರದ ವ್ಯತ್ಯಾಸ. ಸಿ ಅಕ್ಷರದ ಡಬ್ಬವನ್ನು ನಮ್ಮ ಗೋಡೆಗೆ ಚುಚ್ಚಿದರೆ ಎರಡು ಪಟ್ಟು ವೋಲ್ಟು ಒಳಗೆ ಹೋಗಿ ಹೊಗೆ ಏಳುತ್ತದೆ.

861-ಬಿ ತಡೆಯುವುದು 16 ಆಂಪಿಯರು. 230ನ್ನು 16ರಿಂದ ಗುಣಿಸಿದರೆ 3680. ನಮ್ಮ ಬೋರ್‌ವೆಲ್ಲಿನ ಐದು ಎಚ್‌ಪಿ ಮೋಟರು 3730 ವ್ಯಾಟು. ಅಂದರೆ ಒಂದು ಬೀರು ಪೂರ್ತಿ ತುಂಬಿದರೆ ಹೆಚ್ಚೂಕಡಿಮೆ ಐದು ಎಚ್‌ಪಿ ಮೋಟರಿನಷ್ಟು ಕರೆಂಟು! ಕಲ್ಯಾಣದುರ್ಗದ ರೈತನ ಮಗನಿಗೆ ವ್ಯಾಟು ಎಂದು ಹೇಳುವುದಕ್ಕಿಂತ ಹೀಗೆ ಹೇಳಿದರೆ ತಟ್ಟನೆ ತಿಳಿಯುತ್ತದೆ. ಆದರೆ ಒಂದು ಭೇದ ಇದೆ. ಮೋಟರು ತಿಂದ ಕರೆಂಟಿನಿಂದ ನೀರು ಮೇಲೆ ಬರುತ್ತದೆ. ಕಂಪ್ಯೂಟರು ತಿಂದದ್ದೆಲ್ಲ ಬಿಸಿಯಾಗಿ ಹೊರಗೆ ಬರುತ್ತದೆ. ಒಂದು ಟನ್ ಎಸಿ ತೆಗೆಯುವುದು ಸುಮಾರು 3500 ವ್ಯಾಟಿನ ಬಿಸಿ. ಹಾಗಾಗಿ ತುಂಬಿದ ಒಂದು ಬೀರುವಿಗೆ ಒಂದು ಟನ್ ಎಸಿ ಬೇಕು. ಆಗಿನ ಕಚೇರಿಗಳಲ್ಲಿ ಸಾಹೇಬರಿಗೆ ಫ್ಯಾನು, ಕಂಪ್ಯೂಟರಿಗೆ ಎಸಿ ಎಂದು ನಗೆಯಾಡುತ್ತಿದ್ದುದಕ್ಕೆ ಕಾರಣ ಈ ಲೆಕ್ಕವೇ.

ದೊಡ್ಡ ಯಂತ್ರಗಳಿಗೆ ಮೂರು ಫೇಸು ಬೇಕಿತ್ತು. ತ್ರೀಫೇಸ್ ಎಂದರೆ ನಮ್ಮ ಹೊಲದವರಿಗೆ ವಿವರಿಸಬೇಕಿಲ್ಲ. ಎಷ್ಟು ಗಂಟೆಗೆ ಬರುತ್ತದೆ, ಎಷ್ಟು ಗಂಟೆಗೆ ಹೋಗುತ್ತದೆ ಎಂದು ಅವರೇ ಹೇಳುತ್ತಾರೆ. ಆದರೆ ಅಮೆರಿಕದ ತ್ರೀಫೇಸ್ ಬೇರೆ, ನಮ್ಮದು ಬೇರೆ. ಅಲ್ಲಿ ಫೇಸಿನಿಂದ ಫೇಸಿಗೆ 208 ವೋಲ್ಟು, ಇಲ್ಲಿ ಬಹುಕಾಲ 415. ಐದು ತಂತಿ ಕಂಡ ಕೂಡಲೇ ತ್ರೀಫೇಸ್ ಎಂದು ಹಚ್ಚಿದರೆ ಅನಾಹುತ.

ಎಲ್ಲಕ್ಕಿಂತ ಅಪಾಯದ್ದು ತಂತಿಯ ಬಣ್ಣ. ನಮ್ಮ ಹಳೆಯ ವೈರಿಂಗಿನಲ್ಲಿ ಕೆಂಪು, ಹಳದಿ, ನೀಲಿ ಫೇಸು, ಕಪ್ಪು ನ್ಯೂಟ್ರಲ್, ಹಸಿರು ಅರ್ತ್. ಅಮೆರಿಕದ ವೈರಿಂಗಿನಲ್ಲಿ ಬಿಳಿ ನ್ಯೂಟ್ರಲ್, ಕಪ್ಪು ಫೇಸು! ಅಂದರೆ ನಮ್ಮ ಎಲೆಕ್ಟ್ರಿಷಿಯನ್ ಧೈರ್ಯವಾಗಿ ಮುಟ್ಟುವ ಕಪ್ಪು ತಂತಿಯಲ್ಲೇ ಅಲ್ಲಿ ಕರೆಂಟು ಹರಿಯುತ್ತದೆ. ಯೂರೋಪಿನ ಪದ್ಧತಿಯ ಕೇಬಲ್ಲಿನಲ್ಲಿ ಕಂದು ಫೇಸು, ನೀಲಿ ನ್ಯೂಟ್ರಲ್. ನಮ್ಮ ಹಳೆಯ ಲೆಕ್ಕದಲ್ಲಿ ನೀಲಿ ಒಂದು ಫೇಸು. ಮೂರು ದೇಶದ ಮೂರು ಬಣ್ಣದ ಭಾಷೆ ಒಂದೇ ಬೀರುವಿನಲ್ಲಿ ಸೇರಿರುವುದೂ ಉಂಟು. ಎರಡು ಭಾಷೆಯ ನಡುವೆ ಬದುಕುವ ನಮಗೆ ಗೊತ್ತಿದೆ, ಒಂದೇ ಪದ ಎರಡು ಕಡೆ ಎರಡು ಅರ್ಥ ಕೊಡುತ್ತದೆ ಎಂದು. ಮಾತಿನಲ್ಲಾದರೆ ನಕ್ಕು ಸುಮ್ಮನಾಗಬಹುದು, ಇಲ್ಲಿ ಹಾಗಲ್ಲ.

ವೋಲ್ಟು ಬದಲಿಸುವುದು ಸುಲಭ. ಟ್ರಾನ್ಸ್‌ಫಾರ್ಮರ್ ಇಟ್ಟರೆ 230 ಹೋಗಿ 115 ಆಗುತ್ತದೆ. ಅನೇಕ ಯಂತ್ರಗಳ ಒಳಗೆಯೇ ಎರಡು ಸುತ್ತಿನ ತಂತಿ ಇರುತ್ತದೆ: ಅಕ್ಕಪಕ್ಕ ಸೇರಿಸಿದರೆ 115, ಒಂದರ ಹಿಂದೆ ಒಂದು ಸೇರಿಸಿದರೆ 230. ಸೈಕಲ್ಲು ಬದಲಿಸಲು ಮಾತ್ರ ಟ್ರಾನ್ಸ್‌ಫಾರ್ಮರಿನಿಂದ ಆಗದು. ಇದನ್ನು ಮರೆತರೆ ಏನಾಗುತ್ತದೆ ನೋಡಿ. ಆರ್‌ಕೆ05ರ ಡಿಸ್ಕು ನಿಮಿಷಕ್ಕೆ 1500 ಸುತ್ತು ತಿರುಗಬೇಕು. ಅದನ್ನು ತಿರುಗಿಸುವುದು ಮೋಟರಿಗೆ ಹಾಕಿದ ಬೆಲ್ಟು. ಮೋಟರಿನ ವೇಗ ಸೈಕಲ್ಲನ್ನು ಅನುಸರಿಸುತ್ತದೆ. 60 ಸೈಕಲ್ಲಿನ ಪುಲ್ಲಿ ಇರುವ ಡ್ರೈವನ್ನು ನಮ್ಮ 50 ಸೈಕಲ್ಲಿಗೆ ಕೊಟ್ಟರೆ ಆರರಲ್ಲಿ ಐದು ಪಾಲು ವೇಗ, ಅಂದರೆ ಸುಮಾರು 1250 ಸುತ್ತು. ಯಂತ್ರ ಕೆಟ್ಟಿಲ್ಲ, ಸುಟ್ಟಿಲ್ಲ, ಆದರೆ ಒಂದಕ್ಷರವೂ ಓದುವುದಿಲ್ಲ. ಅದಕ್ಕಾಗಿ ಭಾರತಕ್ಕೆ ಬರುವ ಡ್ರೈವಿಗೆ ಬೇರೆ ಅಳತೆಯ ಪುಲ್ಲಿ, ಬೆಲ್ಟು ಹಾಕುತ್ತಿದ್ದರು. ಗಿರಣಿ ಇಟ್ಟವರಿಗೆ ಪುಲ್ಲಿ ಬದಲಿಸಿದರೆ ವೇಗ ಬದಲಾಗುವುದು ಗೊತ್ತೇ ಇದೆ. ಹಾಗಾಗಿ ಡ್ರೈವ್ ಮಾತ್ರ ಸಿಕ್ಕರೂ ಪುಲ್ಲಿ ನೋಡಿ ಅದು ಯಾವ ದೇಶದ ಕರೆಂಟಿಗೆ ಕಟ್ಟಿದ್ದು ಎಂದು ತಿಳಿಯಬಹುದು.

ನಮ್ಮ ದೇಶದಲ್ಲಿ ಬೀರುವಿನ ಜೊತೆಗೆ ಇನ್ನೊಂದಷ್ಟು ಪರಿವಾರ ಇರುತ್ತಿತ್ತು: ವೋಲ್ಟೇಜ್ ಏರಿಳಿತ ತಡೆಯುವ ಸರ್ವೋ ಸ್ಟೆಬಿಲೈಸರು, ಸಿವಿಟಿ ಎಂಬ ಗುಂಯ್‌ಗುಡುವ ಟ್ರಾನ್ಸ್‌ಫಾರ್ಮರು, ಇದ್ದಿಲು ಉಪ್ಪು ತುಂಬಿದ ಪ್ರತ್ಯೇಕ ಅರ್ತ್ ಗುಂಡಿ. ಅಮೆರಿಕದ ಕೈಪಿಡಿಯಲ್ಲಿ ಇವು ಕಾಣುವುದಿಲ್ಲ. ಭಾರತದ ಮಿನಿ ಕಂಪ್ಯೂಟರಿನ ಇತಿಹಾಸ ಬರೆಯುವವರು ಈ ಪರಿವಾರವನ್ನು ಬಿಟ್ಟರೆ ಅರ್ಧವೇ ಬರೆದ ಹಾಗೆ ಎಂಬುದು ನಮ್ಮ ಅಭಿಪ್ರಾಯ.

ಹಳೆಯ ಯಂತ್ರ ಸಿಕ್ಕಿತು, ಫಲಕವೂ ಓದಿದಿರಿ, 230 ವೋಲ್ಟೇ ಇದೆ. ಹಾಗೆಂದು ಸ್ವಿಚ್ಚು ಒತ್ತಬೇಡಿ. ನಲವತ್ತು ವರ್ಷ ಸುಮ್ಮನೆ ಕೂತ ದೊಡ್ಡ ಕೆಪಾಸಿಟರುಗಳು ಒಮ್ಮೆಗೇ ಪೂರ್ತಿ ವೋಲ್ಟು ಬಿದ್ದರೆ ಸಿಡಿಯಬಹುದು. ಬಲ್ಲವರು ಮೊದಲು ಬೋರ್ಡುಗಳನ್ನೆಲ್ಲ ಬಿಚ್ಚಿ ಬದಿಗಿಡುತ್ತಾರೆ. ಡಿಮ್ಮರ್‌ಸ್ಟಾಟ್ ಹಚ್ಚಿ ವೋಲ್ಟನ್ನು ಸ್ವಲ್ಪ ಸ್ವಲ್ಪವಾಗಿ ಏರಿಸುತ್ತಾರೆ, ಮೋಟರ್ ರಿಪೇರಿಯವರ ಹಾಗೆ ಸೀರೀಸ್ ಬಲ್ಬನ್ನೂ ಕಟ್ಟಿಕೊಳ್ಳುತ್ತಾರೆ. ಹೊರಬರುವ 5 ವೋಲ್ಟು ನಿಜವಾಗಿ 5 ವೋಲ್ಟೇ ಇದೆಯೇ ಎಂದು ನೋಡಿ ಆಮೇಲೆ ಬೋರ್ಡು ಕೂರಿಸುತ್ತಾರೆ. 74 ಸರಣಿಯ ಆ ಚಿಪ್ಪುಗಳು ಒಪ್ಪುವುದು 4.75ರಿಂದ 5.25 ವೋಲ್ಟು ಮಾತ್ರ. ಪ್ಲಗ್ ತೆಗೆದ ಮೇಲೂ ಕೆಪಾಸಿಟರಿನಲ್ಲಿ ಕರೆಂಟು ಉಳಿದಿರುತ್ತದೆ. ಆದ್ದರಿಂದ ಮಕ್ಕಳು ನೋಡಲಿ, ಅಳೆಯಲಿ, ಬರೆದುಕೊಳ್ಳಲಿ. ಒಳಗೆ ಕೈ ಹಾಕುವುದು ಬೇಡ.

ಅವಸರ ಬೇಡ ಎನ್ನಲು ಇನ್ನೊಂದು ಕಾರಣವೂ ಉಂಟು. 1970ರ ದಶಕದ ಅನೇಕ ಮಿನಿಗಳ ನೆನಪು ಸಾಸಿವೆಗಿಂತ ಚಿಕ್ಕ ಕಾಂತದ ಬಳೆಗಳದ್ದು. ತಂತಿಯಲ್ಲಿ ಪೋಣಿಸಿದ ಸಾವಿರಾರು ಬಳೆ. ಕರೆಂಟು ಹೋದರೂ ಕಾಂತ ಹೋಗುವುದಿಲ್ಲ, ಬರೆದದ್ದು ಹಾಗೆಯೇ ಉಳಿಯುತ್ತದೆ. ಕೊನೆಯ ದಿನ ಯಾರೋ ನಡೆಸಿದ ಪ್ರೋಗ್ರಾಮು, ಸಂಬಳದ ಲೆಕ್ಕವೋ ಪ್ರಯೋಗಶಾಲೆಯ ಅಂಕಿಗಳೋ, ಆ ಬಳೆಗಳಲ್ಲಿ ಇನ್ನೂ ಇರಬಹುದು. ತಪ್ಪು ವೋಲ್ಟಿನ ಒಂದು ಹೊಡೆತಕ್ಕೆ ಅದೆಲ್ಲ ಅಳಿಯುತ್ತದೆ.

ಶಾಲೆ, ಕಚೇರಿಗಳಲ್ಲಿ ದಾಸ್ತಾನು ರಿಜಿಸ್ಟರು ಬರೆಯುವ ಕೆಲಸ ನಮ್ಮಂಥವರ ಪಾಲಿಗೇ ಬರುತ್ತದೆ. 'ಕಂಪ್ಯೂಟರ್ - 1', 'ಕಬ್ಬಿಣದ ಬೀರು - 2' ಎಂದು ಬರೆದು ಸಹಿ ಹಾಕುತ್ತೇವೆ. ಕಂಡೆಮ್ನೇಷನ್ ದಿನ ಬಂದರೆ ಅದೇ ಸಾಲಿನ ಮುಂದೆ ಒಂದು ಗೆರೆ. ನಾಳೆ ಯಾರಾದರೂ ಇತಿಹಾಸ ಹುಡುಕಿ ಬಂದರೆ ಆ ಸಾಲಿನಲ್ಲಿ ಏನು ಸಿಗುತ್ತದೆ? ಇ-ತ್ಯಾಜ್ಯದ ನಿಯಮಗಳು 2012ರಿಂದ ಜಾರಿಯಲ್ಲಿವೆ. 2023ರ ಏಪ್ರಿಲಿನಿಂದ ಹೊಸ ನಿಯಮಗಳೂ ಬಂದಿವೆ. ಹಳೆಯ ಯಂತ್ರವನ್ನು ಎಲ್ಲಿ ಕೊಡಬೇಕು ಎಂದು ಅವು ಹೇಳುತ್ತವೆ, ಏನೆಂದು ಬರೆದಿಡಬೇಕು ಎಂಬುದು ರಿಜಿಸ್ಟರು ಬರೆಯುವವರ ಕೈಯಲ್ಲಿದೆ. ಯಂತ್ರವನ್ನು ಉಳಿಸಿಕೊಳ್ಳಲು ನಮ್ಮಲ್ಲಿ ಜಾಗವಿಲ್ಲದಿರಬಹುದು. ಒಂದು ಸಾಲು ಹೆಚ್ಚು ಬರೆಯಲು ಜಾಗ ಇದೆ.

ಆದ್ದರಿಂದ ನೆಂಟರ ಊರಿಗೆ, ಬೆಂಗಳೂರಿಗೆ ಹೋದಾಗಲೋ, ಸಂತೆಯ ದಿನ ಗುಜರಿ ಅಂಗಡಿಯ ಮುಂದೆ ಹಾದು ಹೋಗುವಾಗಲೋ ತೂತಿನ ಕಂಬದ ಬೀರು ಕಂಡರೆ ನಿಂತು ನೋಡಿ. ತೂತಿನ ಅಂತರ, ಪೆಟ್ಟಿಗೆಯ ಎತ್ತರ, ಸ್ವಿಚ್ಚುಗಳ ಎಣಿಕೆ, ಪ್ಲಗ್ಗಿನ ಆಕಾರ, ತಂತಿಗಳ ಬಣ್ಣ ಬರೆದುಕೊಳ್ಳಿ. ಫಲಕದಲ್ಲಿರುವ ಅಕ್ಷರ, ಅಂಕಿಗಳನ್ನು ಅಡ್ಡಗೆರೆ ಸಮೇತ ಹಾಗೆಯೇ ನಕಲು ಮಾಡಿ, ಅರ್ಥವಾಗದ್ದನ್ನು ಬಿಡಬೇಡಿ. ಫೋಟೋ ತೆಗೆಯುವಾಗ ಪಕ್ಕದಲ್ಲಿ ಒಂದು ಅಡಿಪಟ್ಟಿ ಇಡಿ. ಟೆಲಿಫೋನಿನವರದು 23 ಇಂಚಿನ ಚೌಕಟ್ಟೂ ಉಂಟು, ಅಡಿಪಟ್ಟಿ ಇಲ್ಲದ ಫೋಟೋದಲ್ಲಿ ಎರಡೂ ಒಂದೇ ಥರ ಕಾಣುತ್ತವೆ.